ನನ್ನ ಮೀನಖಂಡ ಎಲ್ಲಿಗೆ ಹೋಯಿತು

ನನ್ನ ಹೆಸರು ಗಿರಿಜಾ. ಗಂಗೊಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತವಳು. ವಯಸ್ಸು ಅರವತ್ತಾರು. ಕಾಗದ ಬಿಟ್ಟರೆ ಇಷ್ಟುದ್ದ ಏನನ್ನೂ ಬರೆದವಳಲ್ಲ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀವೇ ಎತ್ತಿ ಸರಿ ಮಾಡಿಕೊಂಡು ಓದಿ. ಖುಷಿ ಎಷ್ಟಾಗಿದೆ ಎಂದರೆ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಈಗ ನನ್ನನ್ನು ಕಂಡರೆ ಕೆಲವರು ಮೆಟ್ಟಿಲು ಹತ್ತಿ ಹೋಗುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಮಗಳು ಶೈಲಾಳ ಬಾಣಂತನಕ್ಕೆಂದು ದುಬೈಗೆ ಬಂದೆ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಅವಳ ಮನೆ. ಅಲ್ಲಿ ಬೀದಿಗಳಿಗೆ ದೇಶದ ಹೆಸರು. ಇವರದ್ದು ಚೀನಾ. "ಅತ್ತೆ ಚೀನಾದಲ್ಲಿದ್ದಾರೆ" ಎಂದು ಅಳಿಯ ಗಣೇಶ ಊರಿಗೆ ಫೋನ್ ಮಾಡಿ ನಮ್ಮ ಯಜಮಾನರನ್ನು ಹೆದರಿಸಿದ್ದ. ಗಣೇಶನಿಗೆ ಕೆಲಸ ಅಬುಧಾಬಿಯಲ್ಲಿ. ಶುಕ್ರವಾರ ಬರುವಾಗ ಅಲ್ ಮೀನಾದ ಮಾರುಕಟ್ಟೆಯಿಂದ ಮೀನು ಹಿಡಿದುಕೊಂಡೇ ಬರುತ್ತಾನೆ. ದೊಡ್ಡ ಮೊಮ್ಮಗಳು ಅನ್ವಿಗೆ ಏಳು ವರ್ಷ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ. ಹೊಸಬ ಆರವ್. ಅವನು ಹುಟ್ಟಿದ ಮೂರನೇ ದಿನ ನಾನು ಬಂದಿಳಿದದ್ದು.

ನಮ್ಮಲ್ಲಿ ಬಾಣಂತನವೆಂದರೆ ಮುಖ್ಯವಾಗಿ ಮಗುವನ್ನು ಮೀಯಿಸುವುದು. ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂರಬೇಕು. ಮಗುವನ್ನು ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಎರೆಯಬೇಕು. ನನ್ನ ಮೂರು ಮಕ್ಕಳನ್ನು, ನಾದಿನಿಯರ ಮಕ್ಕಳನ್ನು, ಅನ್ವಿಯನ್ನು ಹೀಗೇ ಮೀಯಿಸಿದ ಕಾಲುಗಳು ಇವು. ಮಗುವಿನ ಹೊಕ್ಕುಳು ಒಣಗಿ ಬಿದ್ದ ಮೇಲೆ, ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಮಣೆ ಹಾಕಿ ಕೂತೆ. ಮೀಯಿಸಿದ್ದೂ ಆಯಿತು. ಹುಡುಗ ಕೆಂಪಗೆ ಹೊಳೆಯುತ್ತಿದ್ದ. ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಏಳಲು ಹೋದೆ.

ಕಾಲು ಏಳಲಿಲ್ಲ.

ನೋವಿಲ್ಲ, ಉಳುಕಿಲ್ಲ. ಕಾಲಿಗೆ ಏಳು ಎಂದೆ, ಅದು ಕೇಳಲಿಲ್ಲ, ಅಷ್ಟೆ. ಇನ್ನೊಮ್ಮೆ ಯತ್ನಿಸಿದಾಗ ಅರ್ಧಕ್ಕೆ ಎದ್ದು ಹಿಂದಕ್ಕೆ ಧೊಪ್ಪನೆ ಕೂತೆ. ಮಗು ಕೈಯಿಂದ ಜಾರುವುದೊಂದು ಬಾಕಿ.

"ಶೈಲಾ, ಬಾ ಹೆಣೆ, ಬೇಗ ಬಾ! ಮಗಿನ್ ಹಿಡ್ಕೋ!"

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಶೈಲಾ ಓಡಿ ಬಂದಳು. ಮಗುವನ್ನು ತೆಗೆದುಕೊಂಡಳು. ಆಮೇಲೆ ನಾನು ಬಕೆಟ್ ಹಿಡಿದು, ಗೋಡೆ ಹಿಡಿದು, ಹೇಗೋ ಎದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಬೆಳಿಗ್ಗೆ ನಾನು ಎಣ್ಣೆ ಬಿಸಿ ಮಾಡುವಷ್ಟರಲ್ಲಿ ಅಡಿಗೆಮನೆಯ ಕಟ್ಟೆ ಮೇಲೆ ಪ್ಲಾಸ್ಟಿಕ್ ತೊಟ್ಟಿ ಇಟ್ಟು ತಾನೇ ನೀರು ತುಂಬಿಸುತ್ತಿದ್ದಳು.

"ನಾನೇ ಮೀಸ್ತೆ ಅಮ್ಮ. ನೀ ಕೂಕೋ. ಬಿದ್ದ್ ಹೋದ್ರೆ ಎಂತ ಮಾಡುದ್?"

ಕೂತೆ. ಮೊಮ್ಮಗನನ್ನು ಕೊಡುವಾಗಲೂ ನಾನು ಸೋಫಾದಲ್ಲಿ ಕೂತಿದ್ದೇನೋ ಇಲ್ಲವೋ ನೋಡಿಯೇ ಕೊಡುತ್ತಿದ್ದಳು. ನಿಂತಿದ್ದರೆ ಕೊಡುತ್ತಿರಲಿಲ್ಲ. ನನಗೆ ಗೊತ್ತಾಗದ ಹಾಗೆ ಮಾಡುತ್ತಿದ್ದಳು, ಆದರೆ ನಾನು ಅವಳ ತಾಯಿಯಲ್ಲವೇ?

ನಿಶ್ಶಕ್ತಿಗೆ ನನಗೆ ಗೊತ್ತಿದ್ದ ಮದ್ದು ಒಂದೇ, ಗಂಜಿ. ಜ್ವರಕ್ಕೆ ಗಂಜಿ, ಭೇದಿಗೆ ಗಂಜಿ, ಬೇಸರಕ್ಕೂ ಗಂಜಿ. ಊರಿನಿಂದ ತಂದಿದ್ದ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ, ದಿನಕ್ಕೆ ಎರಡು ಹೊತ್ತು ಉಂಡೆ. ಕಾಲು ಸೋತಷ್ಟೂ ಗಂಜಿ ಹೆಚ್ಚು ಮಾಡಿದೆ. ಗಂಜಿ ಹೆಚ್ಚಾದಷ್ಟೂ ಕಾಲು ಸೋತಿತು. ಒಂದಕ್ಕೊಂದು ಸಂಬಂಧವಿರಬಹುದು ಎಂದು ಹೊಳೆಯಲೇ ಇಲ್ಲ.

ಕೊನೆಗೆ ಶೈಲಾ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಕಾಯುವ ಕೋಣೆಯಲ್ಲಿ ಏಸಿ ಎಷ್ಟಿತ್ತೆಂದರೆ ಸೆರಗನ್ನು ಕಿವಿಗೆ ಸುತ್ತಿಕೊಂಡೆ. ಎದುರಿನ ಕುರ್ಚಿಯಲ್ಲಿ ನನ್ನಷ್ಟೇ ಗಿಡ್ಡದ ಚೀನಾದ ಹೆಂಗಸು. ಬೆಳ್ಳಗಿನ ಕತ್ತರಿಸಿದ ಕೂದಲು, ನೇರಳೆ ಸ್ವೆಟರ್. ಅವಳೂ ಮೊಣಕಾಲು ತಿಕ್ಕುತ್ತಿದ್ದಳು, ನಾನೂ ತಿಕ್ಕುತ್ತಿದ್ದೆ. ಅವಳ ಹೆಸರು ಕರೆದರು. ಎರಡೂ ಕೈಯನ್ನು ಕುರ್ಚಿಗೆ ಊರಿ, ಮುಂದಕ್ಕೆ ಬಾಗಿ, ಒಂದು ಸಲ ಹಿಂದಕ್ಕೆ ಬಿದ್ದು, ಮತ್ತೆ ಎದ್ದಳು. ನಾನು ಏಳುವುದೂ ಹಾಗೇ! ನನ್ನನ್ನು ನಾನೇ ಹೊರಗಿನಿಂದ ನೋಡಿದ ಹಾಗಾಯಿತು. ಅವಳ ಹೆಸರು ಲಿನ್ ಎಂದು ತಿಳಿದದ್ದು ಹಾಗೆ.

ಡಾಕ್ಟರಮ್ಮ ಈಜಿಪ್ಟಿನವರು. ನನ್ನ ಕೈಗೆ ಶಕ್ತಿ ಅಳೆಯುವ, ಗಡಿಯಾರದ ಹಾಗೆ ಮುಳ್ಳಿರುವ ಒಂದು ಹಿಡಿ ಕೊಟ್ಟು ಹಿಂಡು ಎಂದರು. ಹಿಂಡಿದೆ. ಇನ್ನೂ ಎಂದರು. ತೆಂಗಿನಕಾಯಿ ತುರಿ ಹಿಂಡಿ ಹಾಲು ತೆಗೆದ ಕೈ ಇದು, ಮುಳ್ಳು ಸ್ವಲ್ಪವೇ ಅಲುಗಿತು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಎರಡು ಸಲ ಎದ್ದೆ, ಮೂರನೆಯದಕ್ಕೆ ಏಳಲಾಗಲಿಲ್ಲ. ಆಮೇಲೆ ಟೈಲರನ ಟೇಪಿನಂಥದ್ದು ತಂದು ಮೊಣಕಾಲಿನ ಕೆಳಗೆ, ಹಿಂಬದಿಯ ಉಬ್ಬಿನ ಸುತ್ತ ಅಳೆದು ತಲೆ ಅಲ್ಲಾಡಿಸಿದರು. ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಎಂತ ಅಂಬ್ರ್?" ಎಂದು ಕೇಳಿದೆ.

ಶೈಲಾ ಹೇಳಿದಳು, "ಮೀನಖಂಡ ಕರಗಿದ್ ಅಂಬ್ರ್ ಅಮ್ಮ. ವಯಸ್ಸಾದವ್ರಿಗೆ ಹಿಂಗ್ ಆತ್ತಂಬ್ರ್. ಇಡೀ ಮೈಯಂಗೆ ಮಾಂಸ ಕಮ್ಮಿ ಆಯ್ತಾ ಇತ್ತ್."

"ಕರ್ಗಿ ಎಲ್ಲಿಗ್ ಹೋತ್ತ್?" ಎಂದೆ. ನಿಜವಾಗಿ ತಿಳಿಯಬೇಕಿತ್ತು ನನಗೆ. ಬೆಣ್ಣೆ ಕರಗಿದರೆ ತುಪ್ಪವಾಗುತ್ತದೆ. ಉಪ್ಪು ಕರಗಿದರೆ ನೀರು ಉಪ್ಪಾಗುತ್ತದೆ. ನನ್ನ ಮಾಂಸ ಕರಗಿ ಏನಾಯಿತು? ಶೈಲಾ ಇದನ್ನು ಡಾಕ್ಟರಮ್ಮನಿಗೆ ಹೇಳಲು ನಾಚಿದಳು, ನಾನು ಬಿಡಲಿಲ್ಲ. ಡಾಕ್ಟರಮ್ಮ ನಕ್ಕು, ಒಳ್ಳೆಯ ಪ್ರಶ್ನೆ ಎಂದರು. ದೇಹಕ್ಕೆ ಬೇಕಾದ್ದು ಹೊರಗಿನಿಂದ ಸಿಗದಿದ್ದರೆ ಅದು ತನ್ನ ಕಾಲಿನಿಂದಲೇ ತೆಗೆದು ಉಣ್ಣುತ್ತದೆ ಎಂದು ಅವರ ಉತ್ತರ. ಮನೆಗೆ ಬಂದ ಮೇಲೂ ಅದನ್ನೇ ಯೋಚಿಸಿದೆ. ಎಷ್ಟು ವರ್ಷದಿಂದ ನನ್ನನ್ನೇ ನಾನು ಉಣ್ಣುತ್ತಿದ್ದೇನೋ!

ಮೊಟ್ಟೆ, ಮೀನು, ಕಾಳು, ಹಾಲು ಹೆಚ್ಚು ತಿನ್ನಬೇಕು, ದಿನಾ ಕುರ್ಚಿಯಿಂದ ಎದ್ದು ಕೂತು ಅಭ್ಯಾಸ ಮಾಡಬೇಕು, ಮಾತ್ರೆಯಿಲ್ಲ ಎಂದಿದ್ದರು ಡಾಕ್ಟರಮ್ಮ. ಕಿಡ್ನಿ ಸರಿಯಿದೆಯೋ ನೋಡಲು ರಕ್ತ ತೆಗೆದು, ಊಟದ ವಿಚಾರ ಹೇಳುವ ಮೇಡಂ ಹತ್ತಿರ ಕಳಿಸಿದರು. ಹೆಸರು ಫ್ಲೇವಿಯಾ, ನೋಡಿದರೆ ಮೂಡುಬಿದಿರೆ ಕಡೆಯ ಹುಡುಗಿ! ಕನ್ನಡ ಕೇಳಿ ನನಗೆ ಅರ್ಧ ಕಾಯಿಲೆ ವಾಸಿಯಾಯಿತು.

"ಅಮ್ಮ, ನೀವು ಮೀನು ತಿಂತೀರಲ್ಲ?"

"ಎಂತ ಕೇಳ್ತ್ರಿ? ಗಂಗೊಳ್ಳಿಯವಳು ನಾನು."

"ವಾರಕ್ಕೆ ಎಷ್ಟು ಸಲ?"

"ದಿನಾ. ಮೀನಿಲ್ದಿರೆ ಅನ್ನ ಗಂಟ್ಲಂಗೆ ಇಳೂದಿಲ್ಲ."

"ಭಾರೀ ಒಳ್ಳೆದಾಯ್ತು ಮಾರಾಯ್ರೆ" ಎಂದು ಅವಳು ಕಾಗದದಲ್ಲಿ ಮೀನಿನ ಎದುರು ಸರಿ ಗುರುತು ಹಾಕಿದಳು. ಶೈಲಾ ಪಕ್ಕದಲ್ಲೇ ಇದ್ದಳು. ಅವಳೂ ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲ ನಾನು, ದೇವರಾಣೆ. ಅದು ತಪ್ಪೆಂದು ಮೂವರಿಗೂ ತಿಳಿಯಲಿಲ್ಲ.

ಒಂದು ತಿಂಗಳು ಕಳೆಯಿತು. ಬೆಳಿಗ್ಗೆ ಒಂದು ಮೊಟ್ಟೆ ತಿಂದೆ, ಗಂಜಿ ಒಂದು ಹೊತ್ತಿಗೆ ಇಳಿಸಿದೆ, ಕುರ್ಚಿಯಲ್ಲಿ ಎದ್ದು ಕೂತೆ. ಈ ಕಡೆ ಆರವ್ ವಾರ ವಾರಕ್ಕೆ ಭಾರವಾಗುತ್ತಿದ್ದ. ನಮ್ಮಿಬ್ಬರ ನಡುವೆ ಪಂದ್ಯ ನಡೆದ ಹಾಗಿತ್ತು. ಅವನು ಭಾರವಾಗುವ ಮೊದಲು ನಾನು ಬಲವಾಗಬೇಕು. ಮತ್ತೆ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರಮ್ಮ ಟೇಪು ಸುತ್ತಿದರು. ಹಿಡಿ ಹಿಂಡಿಸಿದರು. ಎಲ್ಲ ಇದ್ದ ಹಾಗೇ ಇತ್ತು. ಅವರ ಮುಖದಲ್ಲಿ ನಗು ಇರಲಿಲ್ಲ. ದಿನಾ ಮೀನು ತಿಂದೂ ಹೀಗೇಕೆ, ಒಳಗೆ ಬೇರೇನಾದರೂ ಇದೆಯೋ ನೋಡೋಣ ಎಂದು ಇನ್ನಷ್ಟು ಪರೀಕ್ಷೆ ಬರೆದರು.

ಬೇರೇನಾದರೂ ಎಂದರೆ ಏನು ಎಂದು ನಾನು ಕೇಳಲಿಲ್ಲ. ಆ ದಿನ ನನಗೆ ಯಾವ ಪ್ರಶ್ನೆಯೂ ಬರಲಿಲ್ಲ. ಟ್ಯಾಕ್ಸಿಯಲ್ಲಿ ಶೈಲಾ ಕಿಟಕಿಯ ಹೊರಗೆ ನೋಡುತ್ತಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನನ್ನ ತಲೆಯಲ್ಲಿ ಒಂದೇ ಲೆಕ್ಕ. ಈ ಹುಡುಗನನ್ನು ಇನ್ನೊಂದು ಸಲ ನನ್ನ ಕಾಲ ಮೇಲೆ ಹಾಕಿ ಮೀಯಿಸುತ್ತೇನೋ ಇಲ್ಲವೋ.

ಪರೀಕ್ಷೆಗೆ ರಕ್ತ ಕೊಡಲು ಹೋದ ದಿನ ಲಿನ್ ಮತ್ತೆ ಸಿಕ್ಕಿದಳು. ಇಷ್ಟರಲ್ಲಿ ನಾವು ಮೂರ್ನಾಲ್ಕು ಸಲ ಅಲ್ಲಿ ಎದುರುಬದುರು ಕೂತಾಗಿತ್ತು. ಅವಳಿಗೂ ಇದೇ ಕಾಯಿಲೆ. ಮನೆ ನಮ್ಮ ಪಕ್ಕದ ಕಟ್ಟಡದಲ್ಲೇ, ಮಗ ಸೊಸೆಗೆ ಚೀನಾ ಮಾರುಕಟ್ಟೆಯಲ್ಲಿ ದೀಪಗಳ ಅಂಗಡಿ. ನನಗಿಂತ ಆರು ವರ್ಷ ದೊಡ್ಡವಳು, ಹಾಗಾಗಿ ಲಿನ್ ಅಕ್ಕ. ಮಾತಾಡುವುದು ಫೋನಿನಿಂದ. ಅವಳು ಚೀನೀ ಭಾಷೆಯಲ್ಲಿ ಹೇಳಿದರೆ ಫೋನಿನೊಳಗಿನ ಹೆಂಗಸು ನನಗೆ ಕನ್ನಡದಲ್ಲಿ ಹೇಳುತ್ತಾಳೆ. ಆ ಹೆಂಗಸಿನ ಕನ್ನಡ ಮಾತ್ರ ನಮ್ಮ ಹೆಡ್‌ಮಾಸ್ತರರದ್ದಕ್ಕಿಂತ ಗಟ್ಟಿ.

"ಮಾನ್ಯರೇ, ಭಾನುವಾರ ನನ್ನ ಗೃಹಕ್ಕೆ ಆಗಮಿಸಿ ಮೀನನ್ನು ಭೇಟಿಯಾಗಿರಿ" ಎಂದಿತು ಫೋನು.

ಅನ್ವಿಯನ್ನು ಕರೆದುಕೊಂಡು ಮೀನನ್ನು ಭೇಟಿಯಾಗಲು ಹೋದೆ.

ಮೇಜಿನ ನಡುವೆ ಹಬೆಯಲ್ಲಿ ಬೇಯಿಸಿದ ಇಡೀ ಮೀನು. ಮೇಲೆ ಶುಂಠಿ, ಈರುಳ್ಳಿ ಸೊಪ್ಪು. ಸಾಂಬಾರ ಪುಡಿಯಿಲ್ಲ, ತೆಂಗಿನಕಾಯಿಯಿಲ್ಲ, ಆದರೂ ಘಮ ಘಮ. ಲಿನ್ ಅಕ್ಕ ತಟ್ಟೆಯನ್ನು ತಿರುಗಿಸಿ ಮೀನಿನ ತಲೆ ನನ್ನ ಕಡೆ ಬರುವ ಹಾಗೆ ಇಟ್ಟಳು. ಇವಳಿಗೆ ಗೊತ್ತುಂಟಲ್ಲ ಎಂದುಕೊಂಡೆ. ನಮ್ಮಲ್ಲಿ ನಡುವಿನ ಹೋಳು ಗಂಡಸರಿಗೆ, ಮಕ್ಕಳಿಗೆ. ತಲೆ ಉಳಿದರೆ ಹೆಂಗಸರಿಗೆ. ಆಮೇಲೆ ಅವಳ ಸೊಸೆ ಹೇಳಿದಳು, ಅವರಲ್ಲಿ ತಲೆಯನ್ನು ತಿರುಗಿಸಿಡುವುದು ಅತಿಥಿಗೆ ತೋರುವ ಮರ್ಯಾದೆಯಂತೆ.

ಕಡ್ಡಿಗಳಿಂದ ಹೊಟ್ಟೆಯ ಮೆತ್ತನೆಯ ಭಾಗ ಎತ್ತಿ ತನ್ನ ಮೊಮ್ಮಗಳ ಬಟ್ಟಲಿಗೆ ಹಾಕಿದಳು ಲಿನ್ ಅಕ್ಕ. ಬೆನ್ನಿನದ್ದು ಸೊಸೆಗೆ. ಒಂದು ದೊಡ್ಡ ತುಂಡು ಅನ್ವಿಗೆ, ಇನ್ನೊಂದು ನನಗೆ. ಕೊನೆಗೆ ತಟ್ಟೆಯಡಿಯ ರಸವನ್ನು ಚಮಚದಲ್ಲಿ ತೆಗೆದು ತನ್ನ ಅನ್ನಕ್ಕೆ ಸುರಿದುಕೊಂಡು ಸುಖವಾಗಿ ಉಣ್ಣತೊಡಗಿದಳು. ಬಟ್ಟಲಿನಲ್ಲಿ ಒಂದು ಚೂರೂ ಮೀನಿಲ್ಲ.

ನಾನು ನೋಡುತ್ತಲೇ ಇದ್ದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಅಷ್ಟರಲ್ಲಿ ಅನ್ವಿ ಜೋರಾಗಿ ಹೇಳಿದಳು, "ಶೀ ಈಸ್ ಲೈಕ್ ಅಮ್ಮಮ್ಮ! ಓನ್ಲಿ ಗ್ರೇವಿ!"

ತಲೆ ಬಗ್ಗಿಸಿ ನೋಡಿದೆ. ನನ್ನ ಪಾಲಿನ ತುಂಡು ನನ್ನ ಬಟ್ಟಲಿನಲ್ಲಿಲ್ಲ, ಅನ್ವಿಯ ಬಟ್ಟಲಿನಲ್ಲಿದೆ! ಯಾವಾಗ ಹಾಕಿದೆನೋ, ಕೈಗೇ ಗೊತ್ತು. ನನ್ನ ಅನ್ನದಲ್ಲೂ ಬರೀ ರಸ.

ದಿನಾ ಮೀನು ತಿನ್ನುತ್ತೇನೆ ಎಂದಿದ್ದೆನಲ್ಲ, ಫ್ಲೇವಿಯಾ ಸರಿ ಗುರುತು ಹಾಕಿದ್ದಳಲ್ಲ! ನಮ್ಮ ಮಾತಿನಲ್ಲಿ ಮೀನೆಂದರೆ ಸಾರು. ಮೀನು ಉಂಡೆಯಾ ಎಂದರೆ ಸಾರಿನಲ್ಲಿ ಉಂಡೆ ಎಂದೇ ಅರ್ಥ. ಮದುವೆಯಾದ ವರ್ಷ ಮನೆಯಲ್ಲಿ ಬೋಟಿಗೆ ಹೋಗುವವರು ನಾಲ್ಕು ಜನ. ಹೋಳು ಅವರಿಗೆ. ಆಮೇಲೆ ಮಕ್ಕಳಾದರು, ಹೋಳು ಅವರಿಗೆ. ಯಾರೂ ನನಗೆ ಬೇಡವೆನ್ನಲಿಲ್ಲ, ನಾನೂ ಬೇಕೆನ್ನಲಿಲ್ಲ. ಮೀನಿನ ಊರಿನಲ್ಲಿ ಹುಟ್ಟಿ, ಮೀನಿನ ಮನೆಗೆ ಮದುವೆಯಾಗಿ, ಕೈಯಲ್ಲಿ ಮೀನಿನ ವಾಸನೆ ಹೋಗದ ಹಾಗೆ ಬದುಕಿ, ಮೀನು ತಿನ್ನಲಿಲ್ಲ ನಾನು. ನೆನಪಾದದ್ದು ಆ ಹೆಸರು. ಮೀನಖಂಡ. ಮೀನಿನ ಖಂಡವನ್ನೆಲ್ಲ ಬಡಿಸಿ ಕೊಟ್ಟವಳ ಕಾಲಿನಲ್ಲಿ ಅದು ಉಳಿಯುವುದಾದರೂ ಹೇಗೆ? ಯಾವ ಪುಣ್ಯಾತ್ಮರು ಈ ಹೆಸರಿಟ್ಟರೋ, ಅವರಿಗೆ ಡಾಕ್ಟರಿಗಿಂತ ಹೆಚ್ಚು ಗೊತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೈಯಿಂದಲೇ ಒಂದು ತುಂಡು ಮೀನು ಮುರಿದು ಲಿನ್ ಅಕ್ಕನ ಬಟ್ಟಲಿಗೆ ಹಾಕಿದೆ. ಅವಳು ಗಾಬರಿಯಾಗಿ ಅದನ್ನು ಎತ್ತಿ ನನ್ನ ಬಟ್ಟಲಿಗೆ ಹಾಕಿದಳು. ನಾನು ಇನ್ನೊಂದು ಹಾಕಿದೆ. ಅವಳೂ ಹಾಕಿದಳು. ಫೋನಿನ ಮೂಲಕ ಸೊಸೆಗೆ ಎಲ್ಲ ಹೇಳಿ, ಅವಳು ಅತ್ತೆಗೆ ತಿಳಿಸಿದ ಮೇಲೆ ಲಿನ್ ಅಕ್ಕ ಮೀನಿನ ತುಂಡನ್ನು ತನ್ನ ಬಟ್ಟಲಿನಲ್ಲೇ ಉಳಿಸಿಕೊಂಡಳು. ಆಮೇಲೆ ಏನೋ ಹೇಳಿದಳು.

ಫೋನು ಹೇಳಿತು, "ನನ್ನ ತಾಯಿಯೂ ಸಾರಿನ ಮನುಷ್ಯಳಾಗಿದ್ದಳು."

ಬೆಳಿಗ್ಗೆ ಏನು ಉಣ್ಣುತ್ತೀರಿ ಎಂದು ಕೇಳಿದೆ. ಅವಳು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಗಂಜಿ! ಬೆಳ್ಳಗಿನ ಗಂಜಿ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಸೊಪ್ಪು. ನಿಶ್ಶಕ್ತಿಯಾದರೆ ಅದನ್ನೇ ಹೆಚ್ಚು ಮಾಡುವುದಂತೆ. ಸಮುದ್ರದ ಆ ಕಡೆ ಈ ಕಡೆ ಕೂತು ಇಬ್ಬರೂ ಒಂದೇ ತಪ್ಪು ಮಾಡಿದ್ದೆವು.

ಪರೀಕ್ಷೆಯ ಫಲಿತಾಂಶ ಬಂತು. ಒಳಗೆ ಬೇರೇನೂ ಇರಲಿಲ್ಲ. ಫ್ಲೇವಿಯಾಳಿಗೆ ನನ್ನ ತಪ್ಪೊಪ್ಪಿಕೊಂಡೆ. ಅವಳು ತಲೆ ಮೇಲೆ ಕೈ ಹೊತ್ತು, "ಅಯ್ಯೋ ಅಮ್ಮ! ನನ್ನ ಮಮ್ಮಿಯದ್ದೂ ಇದೇ ಕತೆ. ನನಗಾದ್ರೂ ಗೊತ್ತಾಗ್ಬೇಕಿತ್ತಲ್ವಾ!" ಎಂದಳು. ಈಗ ಅವಳು ಅಜ್ಜಿಯಂದಿರು ಬಂದರೆ ಮೀನು ತಿಂತೀರಾ ಎಂದು ಕೇಳುವುದಿಲ್ಲವಂತೆ. ಹೋಳು ಎಷ್ಟು ಎಂದು ಕೇಳುತ್ತಾಳೆ.

ಊರಿಗೆ ಫೋನ್ ಮಾಡಿ ಯಜಮಾನರಿಗೂ ಹೇಳಿದೆ.

"ನಾ ಕಾಣ್ಲೇ ಇಲ್ಲ ಮಾರಾಯ್ತಿ" ಎಂದರು. "ನಲ್ವತ್ತ್ ವರ್ಷ ಎದ್ರಿಗೆ ಕೂಕಂಡ್ ಉಂಡೆ."

"ಕಾಂಬುಕೆ ನಾನ್ ಎದ್ರಿಗ್ ಕೂಕಂಡದ್ ಯಾವಾಗ? ಬಡ್ಸ್ತಾ ಇದ್ದೆ" ಎಂದೆ. ಇಬ್ಬರೂ ನಕ್ಕೆವು. ಅವರ ನಗು ಪೂರ್ತಿ ನಗುವಾಗಿರಲಿಲ್ಲ.

ತಿಳಿದರೂ ತಿನ್ನುವುದು ಸುಲಭವಲ್ಲ, ಇದನ್ನು ಹೇಳಲೇಬೇಕು. ಮೊದಲ ದಿನ ಶೈಲಾ ನನ್ನ ತಟ್ಟೆಗೆ ಅಂಜಲ್ ಮೀನಿನ ದೊಡ್ಡ ಹೋಳು ಹಾಕಿ ಎದುರಿಗೇ ಕೂತಳು. ಗಂಟಲಿನಲ್ಲಿ ಇಳಿಯಲಿಲ್ಲ. ಮಕ್ಕಳ ಬಾಯಿಂದ ಕದ್ದ ಹಾಗೆ. ಅವಳು ನೀರು ತರಲು ಎದ್ದಳೋ ಇಲ್ಲವೋ, ಹೋಳು ಅನ್ವಿಯ ತಟ್ಟೆಯಲ್ಲಿತ್ತು. ಅನ್ವಿ ಪೊಲೀಸಿನ ಹಾಗೆ ಅದನ್ನು ತಂದು ವಾಪಸು ಹಾಕಿ, "ಮಾಫಿ!" ಎಂದಳು. ಇಲ್ಲ, ಆಗದು ಎಂಬುದಕ್ಕೆ ಅವಳು ಶಾಲೆಯಲ್ಲಿ ಕಲಿತು ಬಂದ ಅರಬಿ ಮಾತು.

ದಾರಿ ಹುಡುಕಿದವಳು ಲಿನ್ ಅಕ್ಕ. ನಮಗಿಬ್ಬರಿಗೂ ಬಡಿಸಲು ಬರುತ್ತದೆ, ತಿನ್ನಲು ಬರುವುದಿಲ್ಲ. ಹಾಗಾದರೆ ಅವಳ ಪಾಲನ್ನು ನಾನು ಬಡಿಸುವುದು, ನನ್ನದನ್ನು ಅವಳು! ಅಕ್ಕ ಬಡಿಸಿದ್ದನ್ನು ಬೇಡವೆನ್ನಲಾಗುತ್ತದೆಯೇ? ಮಧ್ಯಾಹ್ನದ ಊಟ ಒಂದು ದಿನ ಅವಳಲ್ಲಿ, ಒಂದು ದಿನ ನಮ್ಮಲ್ಲಿ. ಅವಳು ನನ್ನ ಬಟ್ಟಲಿಗೆ ಸೋಯಾ ಹಾಲಿನ ಮೆತ್ತನೆಯ ಪನೀರಿನಂಥ ತೋಫು, ಮೊಟ್ಟೆ, ಮೀನು ಹಾಕುತ್ತಾಳೆ. ತೋಫುವಿಗೆ ಮೊದಲು ರುಚಿಯೇ ಇಲ್ಲವೆನಿಸಿತ್ತು. ನಮ್ಮ ಬಂಗುಡೆ ಸಾರಿನ ಮಸಾಲೆಯಲ್ಲಿ ಬೇಯಿಸಿ ಕೊಟ್ಟೆ, ಅವಳ ಮಗ ಮೂರು ಬಟ್ಟಲು ಉಂಡ. ಗಂಜಿ ಬಿಟ್ಟಿಲ್ಲ. ನನ್ನದಕ್ಕೆ ಹೆಸರು ಕಾಳು ಬಿದ್ದಿದೆ, ಅವಳದ್ದಕ್ಕೆ ಮೊಟ್ಟೆ.

ಊಟಕ್ಕೆ ಮೊದಲು ಕುರ್ಚಿಯ ಅಭ್ಯಾಸ. ಮೊದಲ ದಿನ ಲಿನ್ ಅಕ್ಕ ಎಣಿಸಿದಳು. ಒಂದು ಸಲ ಎದ್ದು ಕೂತೆ, "ಈ" ಎಂದಳು. ಎರಡನೇ ಸಲ ಎದ್ದಾಗ "ಆರ್" ಎಂದಳು. ಆಗಲೇ ಆರಾಯಿತೇ! ಎಷ್ಟು ಚುರುಕಾಗಿದ್ದೇನೆ ಎಂದು ಖುಷಿಯಿಂದ ಕೂತು ಬೆವರು ಒರೆಸಿಕೊಂಡೆ. ಅವಳ ಭಾಷೆಯಲ್ಲಿ ಆರ್ ಎಂದರೆ ಎರಡಂತೆ. ಮರುದಿನದಿಂದ ನಾನು ಕನ್ನಡದಲ್ಲೇ ಎಣಿಸುತ್ತೇನೆ. ನಾನು ಆರು ಎಂದಾಗ ಅವಳಿಗೆ ಎರಡೆಂದು ಕೇಳಿ, ಇನ್ನೂ ಇಷ್ಟೇನಾ ಎಂದು ಮುಖ ಮಾಡುತ್ತಾಳೆ, ಆದರೆ ಬಿಡದೆ ಇನ್ನೂ ನಾಲ್ಕು ಹೆಚ್ಚು ಮಾಡುತ್ತಾಳೆ. ಹಾಗಾಗಿ ಅವಳ ಕಾಲು ನನ್ನದಕ್ಕಿಂತ ಗಟ್ಟಿ.

ಮಗಳು ಅಳಿಯ ನನ್ನ ವಿಸಾ ಇನ್ನೊಮ್ಮೆ ಮುಂದುವರಿಸಿದರು. ಟೇಪು ಮೊದಲ ಸಲ ಒಂದು ಗೆರೆ ಮುಂದೆ ಹೋದ ದಿನ ಡಾಕ್ಟರಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದರು. ಕರಗಿದ್ದೆಲ್ಲ ಬರುವುದಿಲ್ಲ ಎಂದೂ ಹೇಳಿದರು. ಬಂದಷ್ಟು ಸಾಕು. ಸ್ನಾನವಾದ ಮೇಲೆ ಕಾಲಿನ ಹಿಂಬದಿ ಮುಟ್ಟಿ ನೋಡುತ್ತೇನೆ. ಮೊದಲು ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತಿತ್ತು. ಈಗ ಬೆರಳಿಗೆ ಎದುರು ನಿಲ್ಲುತ್ತದೆ.

ಕಳೆದ ಶನಿವಾರ ಬೆಳಿಗ್ಗೆ ಬಚ್ಚಲಿನಲ್ಲಿ ಮಣೆ ಹಾಕಿದೆ. ಶೈಲಾ ಬಾಗಿಲಲ್ಲಿ ನಿಂತಳು. ಆರವ್‌ಗೆ ಐದು ತಿಂಗಳು, ಭಾರ ಅಂದರೆ ಒಂದು ಸಣ್ಣ ಹಲಸಿನಕಾಯಿ.

"ಅಮ್ಮ, ನಂಗ್ ಹೆದ್ರಿಕೆ ಆತ್ತ್."

"ನಂಗೂ ಆತ್ತ್. ಮಗಿನ್ ಕೊಡ್."

ಕೊಟ್ಟಳು. ಬೋರಲು ಹಾಕಿ ಎಣ್ಣೆ ತಿಕ್ಕಿದೆ. ಮೊದಲ ತಂಬಿಗೆ ನೀರಿಗೆ ಅತ್ತ, ಎರಡನೆಯದಕ್ಕೆ ಬೆರಗಾದ, ಮೂರನೆಯದಕ್ಕೆ ಕೇಕೆ ಹಾಕಿದ. ಬಚ್ಚಲಿನ ಗೋಡೆಯೆಲ್ಲ ಅವನ ಕೇಕೆ. ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಬಲಗಾಲು ಮಡಚಿ ಊರಿದೆ. ಶೈಲಾ ಎರಡೂ ಕೈ ಚಾಚಿ ಮುಂದೆ ಬಂದಳು.

"ಕೈ ತೆಗಿ" ಎಂದೆ.

ಅವಳ ಹಿಂದಿನಿಂದ ಅನ್ವಿ ಏಳು ಏಳು ಎಂದು ಅರಬಿಯಲ್ಲಿ ಕೂಗಿದಳು, "ಯಲ್ಲಾ, ಅಮ್ಮಮ್ಮ!"

ಕಾಲಿಗೆ ಏಳು ಎಂದೆ. ನಡುಗಿತು. ಮೀನಖಂಡ ಗಟ್ಟಿಯಾಗಿ ಎಳೆದುಕೊಂಡದ್ದು ಗೊತ್ತಾಯಿತು. ಮೊಣಕಾಲು, ಸೊಂಟ, ಬೆನ್ನು ಒಂದರ ಹಿಂದೆ ಒಂದು ಎದ್ದವು. ಎದ್ದು ನಿಂತೆ. ಗೋಡೆ ಮುಟ್ಟಲಿಲ್ಲ, ಬಕೆಟ್ ಮುಟ್ಟಲಿಲ್ಲ. ನನ್ನ ಎರಡೂ ಕೈಯಲ್ಲಿ ಮೊಮ್ಮಗನಿದ್ದ. ಶೈಲಾ ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ, ಹುಡುಗನನ್ನು ಹೊತ್ತುಕೊಂಡೇ ಪಕ್ಕದ ಕಟ್ಟಡಕ್ಕೆ ಹೋಗಿ ಲಿನ್ ಅಕ್ಕನಿಗೆ ತೋರಿಸಿ ಬಂದೆ.

ಅಂದು ಮಧ್ಯಾಹ್ನ ಗಣೇಶ ತಂದ ಅಂಜಲಿನ ಸಾರು. ಶೈಲಾ ಬಡಿಸಲು ಸೌಟು ಎತ್ತಿ, ನಮ್ಮ ಮನೆಯ ನಲವತ್ತು ವರ್ಷದ ರೂಢಿಯಂತೆ ಕೇಳಿದಳು, "ಅಮ್ಮ, ಸಾರ್ ಹಾಕ್ಲಾ?"

"ಹೋಳ್ ಹಾಕ್" ಎಂದೆ. "ನಿಂಗೂ ಒಂದ್ ಹಾಕ್ಕೋ, ನಾ ಕಾಂತಾ ಇದ್ದೆ."